ಅಂಚಿನ ಮಾತು

ಸಂಜೆ ಬಟಾಣಿ ಸುಲಿಯುವ ಹೊತ್ತಿಗೆ ಸರಿಯಾಗಿ, ಆ ಮನೆಯಲ್ಲಿ ತೀರಿಕೊಂಡ ಮಗ ಮಾತಾಡುತ್ತಿದ್ದ.

ಮಾತಾಡುತ್ತಿದ್ದದ್ದು ಸೊಸೆಯ ಬಾಯಲ್ಲಿ. ಅಡುಗೆಮನೆಯ ಮೇಜಿನ ಮೇಲೆ ಅವಳ ಮುಂದೆ ಇಟ್ಟಿಗೆಯಷ್ಟು ದಪ್ಪದ, ಹಸಿರು ಹೊದಿಕೆಯ ಪುಸ್ತಕವೊಂದು ತೆರೆದಿರುತ್ತಿತ್ತು. ಕಂಪ್ಯೂಟರಿನ ಪ್ರೋಗ್ರಾಮು ಹೇಗೆ ಕಟ್ಟಬೇಕು, ಕಟ್ಟಿದ್ದನ್ನು ಹೇಗೆ ಕಾಪಾಡಿಕೊಳ್ಳಬೇಕು ಎಂದು ಹೇಳುವ ಇಂಗ್ಲಿಷ್ ಪುಸ್ತಕ. ದೊಡ್ಡಮಗ ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೊಂಡು ತಂದದ್ದು. ಕಾಲೇಜು ಮುಗಿಸಿ ಸಂಬಳ ತರುವವನು ಮತ್ತೆ ಪಠ್ಯಪುಸ್ತಕ ಕೊಳ್ಳುವುದನ್ನು ಆ ಮನೆಯವರು ಅದೇ ಮೊದಲು ನೋಡಿದ್ದು. ಅವನು ಅದನ್ನು ಓದುತ್ತಿದ್ದ ಅನ್ನುವುದಕ್ಕಿಂತ ಅದರ ಜೊತೆ ಜಗಳಕ್ಕೆ ಕೂರುತ್ತಿದ್ದ ಅನ್ನಬೇಕು. ಆಫೀಸಿನಲ್ಲಿ ಏನಾದರೂ ಕೈಕೊಟ್ಟ ದಿನ, ಬಂದವನೇ ಬೂಟು ಬಿಚ್ಚುವ ಮೊದಲು ಪುಸ್ತಕ ಬಿಚ್ಚಿ, ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಮನೆಮಾತಿನಲ್ಲೇ ಗೀಚುತ್ತಿದ್ದ. 'ಹೇಳೋಕೇನು ಮಹಾಸ್ವಾಮಿ, ಮಾಡೋರು ನಾವು.' 'ಇದು ನಿಜ. ಇವತ್ತು ಮೂಗಿಗೆ ಬಡೀತು.' 'ಇದನ್ನ ನಮ್ಮ ಮ್ಯಾನೇಜರಿಗೆ ಕನ್ನಡಕ ಹಾಕಿಸಿ ಓದಿಸಬೇಕು.'

ಒಂದು ದಿನ ಆಫೀಸಿನಿಂದ ಬರುವ ದಾರಿಯಲ್ಲಿ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಪುಸ್ತಕ ಕಪಾಟಿನ ಮೇಲೆ ಹಾಗೇ ಉಳಿಯಿತು.

ಸೊಸೆಯೂ ಅದೇ ಕೆಲಸ ಕಲಿತವಳು. ಮಗಳು ಹುಟ್ಟಿದ ಮೇಲೆ ಬಿಟ್ಟಿದ್ದಳು. ಈಗ ಮನೆ ನಡೆಯಬೇಕಲ್ಲ, ಮತ್ತೆ ಸೇರಿಕೊಂಡಳು. ಸೇರಿದ್ದಕ್ಕೆ ಸರಿಯಾಗಿ ಅವಳ ಕೊರಳಿಗೆ ಬಿದ್ದದ್ದು ಯಾರಿಗೂ ಬೇಡವಾದ ಕೆಲಸ. ಒಂದು ಆಸ್ಪತ್ರೆಯ ಔಷಧಿ ದಾಸ್ತಾನು ನೋಡಿಕೊಳ್ಳುವ ಹಳೇ ಪ್ರೋಗ್ರಾಮು. ಬರೆದವನು ಎಂದೋ ಬಿಟ್ಟು ಹೋಗಿದ್ದಾನೆ. ಇಲ್ಲಿ ಮುಟ್ಟಿದರೆ ಅಲ್ಲಿ ಕುಸಿಯುತ್ತದೆ. ಅದನ್ನು ಹೇಗೆ ತಿದ್ದುತ್ತೇನೆ ಎಂದು ಆಫೀಸಿನ ಹಿರಿಯರ ಮುಂದೆ ನಿಂತು ಒಪ್ಪಿಸಬೇಕು. ಒಪ್ಪಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆ. ಅದಕ್ಕೇ ಅವಳು ಕಪಾಟಿನ ಮೇಲಿನ ಧೂಳು ಒರೆಸಿ ಗಂಡನ ಪುಸ್ತಕ ಇಳಿಸಿದ್ದು.

ಮೊದಲನೇ ಸಂಜೆ ಅವಳು ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದವಳು, ಒಂದು ಪುಟಕ್ಕೆ ಬಂದು ಫಕ್ಕನೆ ನಕ್ಕಳು. ಅತ್ತೆ ಬಟಾಣಿ ಸುಲಿಯುತ್ತಿದ್ದಳು. "ಏನೇ?" ಅಂದಳು.

"ನಿಮ್ಮ ಮಗ ಬರೆದಿದ್ದಾರೆ ಅತ್ತೆ. 'ಅವಸರ ಬೇಡ ಮಹಾರಾಯ, ನಮ್ಮಮ್ಮ ಒಲೆ ಮೇಲಿನ ಹಾಲು ಬಿಟ್ಟು ಫೋನು ಎತ್ತಿದ ಹಾಗಾಗುತ್ತೆ.'"

ಅತ್ತೆಯ ಕೈಯಲ್ಲಿದ್ದ ಬಟ್ಟಲು ನೆಲಕ್ಕೆ ಬಿತ್ತು. ಕಾಳು ಮೇಜಿನ ಕೆಳಗೆಲ್ಲ ಉರುಳಿದವು. ಮೊಮ್ಮಗಳು ತೆವಳಿಕೊಂಡು ಹೋಗಿ ಆರಿಸಿದಳು. ಬಾಯಿ ಮುಚ್ಚಿದ್ದನ್ನು ಯಾರೂ ನೋಡದ ಹುಡುಗಿ ಅವಳು. ಮನೆಯಲ್ಲಿ ಪಟಾಕಿ ಅಂತಲೇ ಕರೆಯುತ್ತಿದ್ದರು.

"ಇನ್ನೊಂದು ಓದು," ಅಂದಳು ಅಜ್ಜಿ.

ಅಲ್ಲಿಂದ ಅದು ದಿನದ ಪರಿಪಾಠವಾಯಿತು. ಸೊಸೆ ಮುಖ ತೊಳೆದು ಬರುವಷ್ಟರಲ್ಲಿ ಚಹಾ, ಪುಸ್ತಕ, ಪೆನ್ಸಿಲು ಮೇಜಿನ ಮೇಲೆ ಸಿದ್ಧ. ಇಂಗ್ಲಿಷಿನ ಭಾಗ ಅಜ್ಜಿಗೆ ಬೇಕಿರಲಿಲ್ಲ. "ಅದು ನಿನ್ನ ಪಾಡಿಗೆ ನೀನು ಓದ್ಕೊ. ಅಂಚಿಂದು ಹೇಳು," ಅನ್ನುವಳು.

ಪುಸ್ತಕ ತೆರೆದ ಶಬ್ದಕ್ಕೆ ಎದ್ದು ಹೋಗುತ್ತಿದ್ದವನು ಅಜ್ಜ ಒಬ್ಬನೇ. ಜೀವಮಾನವೆಲ್ಲ ಪುಸ್ತಕ ಬೈಂಡಿಂಗ್ ಮಾಡಿದ ಮನುಷ್ಯ. ಮಗ ಹೋದ ಮೇಲೆ ದಬ್ಬಣ, ದಾರ, ಕತ್ತಿ ಎಲ್ಲ ಕಟ್ಟಿ ಮಂಚದಡಿ ತಳ್ಳಿದ್ದ. ಹಿತ್ತಲ ಬಾಗಿಲ ಮೆಟ್ಟಿಲೇ ಅವನ ಜಾಗ. ಊಟಕ್ಕೆ ಕರೆದರೆ ಬರುವನು, ಉಪ್ಪು ಜಾಸ್ತಿಯಾದರೂ ಮಾತಿಲ್ಲ, ಇಲ್ಲದಿದ್ದರೂ ಮಾತಿಲ್ಲ.

ಕಿರಿಯ ಮಗನಿಗೆ ಬೀದಿಯ ಕೊನೆಯಲ್ಲಿ ಫೋನು ರಿಪೇರಿ ಅಂಗಡಿ. ಅವನು ಊಟಕ್ಕೆ ಕೂತರೆ ಬಾಯಿಗೆ ಎರಡು ಕೆಲಸ.

"ಅತ್ತಿಗೆ, ಆ ಪುಸ್ತಕ ಅಚ್ಚಾದಾಗ ನಾನು ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದೆ. ಅದನ್ನ ಓದಿ ಈಗಿನ ಕೆಲಸ ಮಾಡ್ತೀನಿ ಅಂತೀರಲ್ಲ! ಫೋನಿಗೆ ಕೇಳಿ, ಬೇಳೆ ಬೇಯೋದರೊಳಗೆ ಹೇಳುತ್ತೆ."

"ಆಫೀಸಲ್ಲೂ ಎಲ್ಲರೂ ಹಾಗೇ ಅಂತಾರೆ ಕಣಪ್ಪ. ಚಹಾ ಲೋಟ ಮುಚ್ಚೋಕೆ ತಂದಿದೀರಾ ಅಂತ ಒಬ್ಬ ಹುಡುಗ ಕೇಳಿದ," ಅಂದಳು ಸೊಸೆ. "ಫೋನು ಹೇಗೆ ಮಾಡೋದು ಅಂತ ಹೇಳುತ್ತೆ. ಮಾಡಬೇಕೋ ಬೇಡವೋ ಅಂತ ಹೇಳಲ್ಲ. ಇದರಲ್ಲಿರೋದು ಜನ ಎಲ್ಲೆಲ್ಲಿ ಎಡವಿದ್ರು ಅನ್ನೋದು. ನಾನು ಕಾಲೇಜಲ್ಲಿ ಇದನ್ನೇ ಓದಿ ಪಾಸಾಗಿದ್ದೆ, ಒಂದಕ್ಷರ ತಲೆಗೆ ಹೋಗಿರಲಿಲ್ಲ. ಈಗ ದಿನಾ ಎಡವಿ ಬಂದು ಓದ್ತೀನಲ್ಲ, ಪ್ರತಿ ಸಾಲೂ ನನ್ನನ್ನೇ ನೋಡಿ ಬರೆದ ಹಾಗಿದೆ."

"ಸರಿಯಪ್ಪ. ಅಣ್ಣನೂ ಇದೇ ಅಂತಿದ್ದ."

ಅಜ್ಜ ತಟ್ಟೆ ಎತ್ತಿಕೊಂಡು ಎದ್ದ.

ವಾರಗಳು ಉರುಳಿದವು. ಅಜ್ಜಿ ಒಂದೊಂದೇ ಗಮನಿಸತೊಡಗಿದಳು. ಸೊಸೆ ಯೋಚಿಸುವಾಗ ಪೆನ್ಸಿಲಿನ ಹಿಂಬದಿಯನ್ನು ಮುಂದಿನ ಹಲ್ಲಿಗೆ ಟಕಟಕ ಬಡಿಯುತ್ತಿದ್ದಳು. ಅದು ದೊಡ್ಡವನ ಚಾಳಿ. ಹಾಲಿನವನು ತಡ ಮಾಡಿದರೆ, "ಏನು ಮಹಾರಾಯ, ಹಸು ಕೊಳ್ಳೋಕೆ ಹೋಗಿದ್ಯಾ?" ಅನ್ನುತ್ತಿದ್ದಳು. ಮೊದಲೆಲ್ಲ ಹಾಲಿನವನ ಮುಖ ನೋಡಿ ಮಾತಾಡಿದವಳಲ್ಲ. ಇನ್ನೊಂದಂತೂ ಅಜ್ಜಿಗೆ ಮೈ ಜುಮ್ಮೆನ್ನಿಸಿತು. ತಮಾಷೆ ಮಾಡುವ ಮೊದಲು ದೊಡ್ಡವನು ಗಂಟಲಲ್ಲಿ 'ಹ್ಞೂಂ' ಎಂದು ಒಂದು ಸಣ್ಣ ಸದ್ದು ಮಾಡುತ್ತಿದ್ದ. ಈಗ ಸೊಸೆ ಓದುವ ಮೊದಲು ಅದೇ ಸದ್ದು ಮಾಡುತ್ತಿದ್ದಳು. ಅದನ್ನು ಯಾವ ಅಂಚಿನಲ್ಲೂ ಯಾರೂ ಬರೆದಿರಲಿಲ್ಲ.

ಅಜ್ಜಿಗೆ ಹೆದರಿಕೆಯಾಯಿತು. ಆದರೂ ಮಾರನೆಯ ಸಂಜೆ ಚಹಾ ಇನ್ನೂ ಬೇಗ ಸಿದ್ಧವಾಯಿತು.

ಒಂದು ದಿನ ಅಜ್ಜಿ ಊಟಕ್ಕೆ ತಟ್ಟೆ ಹಾಕಿದಳು. ಎಲ್ಲರೂ ಕೂತರು. ಗೋಡೆಯ ಪಕ್ಕದ ಕುರ್ಚಿಯ ಮುಂದೆ ಒಂದು ತಟ್ಟೆ ಉಳಿಯಿತು. ಅನ್ನ ಬಡಿಸಿ, ಮೇಲೆ ಮೊಟ್ಟೆಯನ್ನೂ ಇಟ್ಟಾಗಿತ್ತು.

"ಅಜ್ಜೀ, ಅದು ಯಾರಿಗೆ?" ಅಂದಳು ಪಟಾಕಿ.

ಅಜ್ಜಿ ತಟ್ಟೆ ನೋಡಿದಳು. ತಾನು ಯಾವಾಗ ಹಾಕಿದೆ ಅನ್ನುವುದು ಅವಳಿಗೇ ನೆನಪಿರಲಿಲ್ಲ.

"ನಂಗೆ ಹಸಿವು ಜಾಸ್ತಿ, ನಂಗೇ," ಅಂತ ಕಿರಿಯವನು ಎಳೆದುಕೊಂಡ. ಆಮೇಲೆ ತುತ್ತು ಕೈಯಲ್ಲೇ ಹಿಡಿದುಕೊಂಡು, "ಅಮ್ಮ, ಸಾಕು ಮಾಡು. ದಿನಾ ಸಂಜೆ ಅವನನ್ನ ಕರೆದು ಕೂರಿಸ್ಕೊಳ್ತೀಯ. ಹೋದವನಿಗೆ ಹೋಗೋಕೆ ಬಿಡು," ಅಂದ.

"ನಾನೇನು ಮಾಡಿದೆ? ಅವಳು ಓದ್ತಾಳೆ, ನಾನು ಕೇಳ್ತೀನಿ."

"ಅತ್ತಿಗೆ ಮುಖ ನೋಡಿದ್ಯಾ? ಎಷ್ಟು ಇಳಿದುಹೋಗಿದೆ ನೋಡು."

"ಆಫೀಸಿನ ಕೆಲಸ, ಇಳಿಯುತ್ತೆ. ನೀನು ಅಂಗಡೀಲಿ ಕಾಲಾಡಿಸ್ಕೊಂಡು ಕೂತಿರ್ತೀಯ, ನಿನಗೇನು ಗೊತ್ತು?"

"ಹೌದು ಕಣಮ್ಮ, ನಾನು ಕಾಲಾಡಿಸೋನು. ಬುದ್ಧಿ ಎಲ್ಲಾ ಅವನೊಬ್ಬನಿಗೇ ಕೊಟ್ಟು ಮುಗಿಸಿದ್ದೆ ನೀನು!"

ಅವನು ಊಟ ಅರ್ಧಕ್ಕೆ ಬಿಟ್ಟು ಎದ್ದ. ಮೊಟ್ಟೆ ಆ ತಟ್ಟೆಯಲ್ಲೇ ಉಳಿಯಿತು. ಅದನ್ನು ಯಾರೂ ತಿನ್ನಲಿಲ್ಲ.

ಅದಾದ ಮುಂದಿನ ವಾರ ಸೊಸೆ ಆಫೀಸಿನಿಂದ ಬಂದವಳು ಚಹಾ ಮುಟ್ಟಲಿಲ್ಲ.

"ಅತ್ತೆ, ಇವತ್ತು ಮೀಟಿಂಗಿನಲ್ಲಿ ಒಂದು ಮಾತಿಗೆ ವಾದ ಬಂತು. ನಾನು ಎದ್ದು ಏನೋ ಅಂದೆ. ಆ ಕಡೆ ನಿಮ್ಮ ಮಗನ ಜೊತೆ ಹಿಂದೆ ಕೆಲಸ ಮಾಡಿದವರೊಬ್ಬರು ಕೂತಿದ್ರು. ಅವರ ಮುಖ ಬಿಳುಚಿಹೋಯ್ತು. 'ಅಮ್ಮಾ, ನಿಮ್ಮ ಯಜಮಾನರೇ ಎದ್ದು ನಿಂತ ಹಾಗಾಯ್ತು' ಅಂದ್ರು."

ಅಜ್ಜಿಯ ಕಣ್ಣು ಅರಳಿತು. "ನಿಜವಾಗ್ಲೂ? ಏನಂದೆ, ಅದನ್ನ ನಂಗೂ ಹೇಳು."

ಸೊಸೆ ಅವಳನ್ನೇ ನೋಡಿದಳು. "ನನಗೆ ಭಯ ಆಯ್ತು ಅಂತ ಹೇಳ್ತಿದೀನಿ ಅತ್ತೆ. ನನ್ನ ಮಾತು ಯಾವುದು, ಅವರದ್ದು ಯಾವುದು ಅಂತ ನನಗೇ ತಿಳೀತಿಲ್ಲ. ಅವರು ಸುಳ್ಳು ಅಂತ ಗೀಚಿದ್ದನ್ನ ನಾನೂ ಸುಳ್ಳು ಅಂತೀನಿ. ಅವರು ನಕ್ಕಲ್ಲಿ ನಗ್ತೀನಿ. ಹಿರಿಯರ ಮುಂದೆ ನಿಲ್ಲೋ ದಿನ ಹತ್ತಿರ ಬಂತು, ನನ್ನದು ಅಂತ ಹೇಳೋಕೆ ಒಂದು ಮಾತಿಲ್ಲ. ಇನ್ನು ಅಂಚಿಂದು ಓದಲ್ಲ."

"ಇವತ್ತೊಂದು ಪುಟ."

"ಬೇಡ ಅತ್ತೆ."

"ಒಂದೇ ಸಾಲು ಕಣೇ. ಹಳೇದೇ ಆಗಲಿ. ಅಪ್ಪ ಅಂಟು ಕಲಸೋದು ಅಂತ ಬರೆದಿದ್ನಲ್ಲ, ಅದನ್ನ ಹೇಳು."

"ಅದು ನಿಮಗೆ ಬಾಯಿಪಾಠ ಆಗಿದೆಯಲ್ಲ!"

"ನಾನು ಹೇಳ್ಕೊಂಡ್ರೆ ಅದು ನಾನೇ ಆಗ್ತೀನಿ. ನೀನು ಹೇಳಿದ್ರೆ ಅವನು..." ಅಜ್ಜಿ ಪುಸ್ತಕವನ್ನು ಮೇಜಿನ ಮೇಲೆ ಅವಳ ಕಡೆಗೆ ನೂಕಿದಳು. ಸೊಸೆ ಹಿಂದಕ್ಕೆ ನೂಕಿದಳು. ಅಜ್ಜಿ ಮತ್ತೆ ನೂಕಿದಳು, ಈ ಸಲ ಜೋರಾಗಿ. ಪುಸ್ತಕ ಮೇಜಿನಿಂದ ಜಾರಿ ಬೆನ್ನು ಅಡಿಯಾಗಿ ಬಿತ್ತು. ಹಳೇ ಅಂಟು, ಪಟ್ ಎಂದು ಸೀಳಿತು. ಹಾಳೆಗಳು ಕಂತೆಕಂತೆಯಾಗಿ ನೆಲಕ್ಕೆ ಹರಡಿದವು.

ಇಬ್ಬರೂ ಕೂತು ಆರಿಸಿದರು. ಸೊಸೆ ಅಳುತ್ತಿದ್ದಳು. ಅಜ್ಜಿಗೆ ಅಳು ಬರಲಿಲ್ಲ. ಹಾಳೆಗಳನ್ನು ಎದೆಗವಚಿಕೊಂಡು ಹಿತ್ತಲ ಮೆಟ್ಟಿಲಿಗೆ ಹೋದಳು.

"ರೀ. ಇದನ್ನ ಕಟ್ಟಿಕೊಡಿ."

ಅಜ್ಜ ತಿರುಗಿ ನೋಡಲಿಲ್ಲ. "ನಂಗೆ ಕಣ್ಣು ಕಾಣಲ್ಲ."

"ನಿಮಗೆ ಕಣ್ಣು ಯಾಕೆ? ಕೈಯಲ್ಲೇ ಕಟ್ತಿದ್ರಿ. ಇದು ನಿಮ್ಮ ಮಗನ ಪುಸ್ತಕ. ಹೀಗೇ ಬಿಟ್ರೆ ಒಂದೊಂದೇ ಹಾಳೆ ಕಸಕ್ಕೆ ಹೋಗುತ್ತೆ. ಅವಳು ಓದದಿದ್ರೂ ಚಿಂತೆಯಿಲ್ಲ, ಇದು ಉಳೀಬೇಕು."

ಅಜ್ಜ ಕೈ ಚಾಚಿ ಹಾಳೆಗಳನ್ನು ತೆಗೆದುಕೊಂಡ. ಆಮೇಲೆ ಹಾಳೆಗಳ ಬೆನ್ನಿನ ಮೇಲೆ ಹೆಬ್ಬೆರಳು ಆಡಿಸಿದ. "ಯಾವನೋ ಬರೀ ಅಂಟಲ್ಲೇ ಮುಗಿಸಿದಾನೆ. ಒಂದು ಹೊಲಿಗೆ ಇಲ್ಲ. ಇದೂ ಒಂದು ಕೆಲಸವಾ?" ಅಂದ. ಮಗ ಹೋದ ಮೇಲೆ ಅವನು ಅಷ್ಟುದ್ದ ಮಾತಾಡಿದ್ದು ಅದೇ ಮೊದಲು.

ಮಾರನೆಯ ಬೆಳಿಗ್ಗೆ ಮಂಚದಡಿಯ ಗಂಟು ಹೊರಬಂತು. ಅಜ್ಜ ಮೈದಾ ಕಲಸಿದ, ಹುಳ ಹಿಡಿಯದಿರಲಿ ಎಂದು ಚಿಟಿಕೆ ಮೈಲುತುತ್ತ ಹಾಕಿದ, ಸಣ್ಣ ಉರಿಯಲ್ಲಿಟ್ಟು ಅಂಟು ಕಾಯಿಸಿದ. ಅಡುಗೆಮನೆಯಲ್ಲಿ ಹಳೇ ವಾಸನೆ ಎದ್ದಿತು. ಪಟಾಕಿ ಪಕ್ಕದಲ್ಲಿ ಕೂತು ನೂರು ಪ್ರಶ್ನೆ ಕೇಳಿದಳು, ಅಜ್ಜ ಒಂದಕ್ಕೂ ರೇಗಲಿಲ್ಲ. "ಈ ಕೆಲಸದಲ್ಲಿ ಕೈ ಓಡಬೇಕು, ನಿನ್ನ ಹಾಗೆ ಬಾಯಲ್ಲ," ಅಂತ ಅವಳ ಮೂಗಿಗೆ ಅಂಟು ಹಚ್ಚಿದ. ಹಾಳೆಯ ಬದಿಗೆ ದಬ್ಬಣದಿಂದ ತೂತು ಹೊಡೆದು ದಾರ ಎಳೆದ. ಅಜ್ಜಿ ಬಾಗಿಲ ಸಂದಿಯಿಂದ ನೋಡಿದಳು. ಅವನ ಬೆನ್ನು ನೆಟ್ಟಗಾಗಿತ್ತು. ಮನಸ್ಸು ತುಂಬಿ, ಮೊಮ್ಮಗಳನ್ನು ಕರೆದುಕೊಂಡು ತರಕಾರಿಗೆ ಹೋದಳು. ಒಳ್ಳೆಯ ಬಟಾಣಿ ಬಂದಿತ್ತು. ಆರಿಸಿ ಆರಿಸಿ ಕೊಂಡಳು.

ವಾಪಸು ಬಂದಾಗ ಪುಸ್ತಕ ಮೆಟ್ಟಿಲ ಮೇಲಿತ್ತು. ಹೊಸ ರಟ್ಟು, ಬಟ್ಟೆಯ ಬೆನ್ನು, ಮೂರು ಬದಿಯೂ ಕನ್ನಡಿಯ ಹಾಗೆ ನಯ. ಪಕ್ಕದಲ್ಲಿ ಪುಸ್ತಕ ಬಿಗಿಹಿಡಿಯುವ ಮರದ ಒತ್ತುಗೆ, ಉದ್ದನೆಯ ಕತ್ತಿ. ನೆಲದ ಮೇಲೆ ಬೆರಳಗಲದ ಕಾಗದದ ಎಳೆಗಳ ರಾಶಿ.

"ಅಂಚೆಲ್ಲ ಮುದುರಿ, ಹರಿದು, ಚಹಾ ಕಲೆ ಕೂತಿತ್ತು," ಅಂದ ಅಜ್ಜ. "ಮೂರು ಕಡೆಯೂ ಸ್ವಲ್ಪ ಧಾರಾಳವಾಗೇ ಕತ್ತರಿಸಿದೆ. ನೋಡು, ಹೇಗೆ ಕೂತಿದೆ."

ಅಜ್ಜಿ ಬಗ್ಗಿ ಒಂದು ಎಳೆ ಎತ್ತಿದಳು. ಅದರ ಮೇಲೆ ಪೆನ್ಸಿಲಿನಲ್ಲಿ 'ರಾಯ' ಅಂತಿತ್ತು. ಇನ್ನೊಂದರಲ್ಲಿ ಬರೀ ಒಂದು ಕೊಂಬು, ಒಂದು ಒತ್ತು.

ಅವನಿಗೆ ಹೇಗೆ ಗೊತ್ತಾಗಬೇಕು! ಪುಸ್ತಕ ತೆರೆದಾಗಲೆಲ್ಲ ಎದ್ದು ಹೋಗುತ್ತಿದ್ದ. ಮಗ ಎಲ್ಲಿ ಬರೆದಿದ್ದಾನೆ ಅಂತ ಒಮ್ಮೆಯೂ ಕಣ್ಣಿಟ್ಟು ನೋಡಿದವನಲ್ಲ. ಕಟ್ಟಿದ ಮೇಲೆ ಅಂಚು ಕತ್ತರಿಸುವುದು ಅವನ ಕೈಗೆ ಉಸಿರಾಡಿದಷ್ಟು ಸಲೀಸು.

"ನೀವು... ಒಳಗೆ ಬಿಡಿಸಿ ನೋಡಲಿಲ್ವಾ?"

"ಇಲ್ಲ," ಅಂದ ಅಜ್ಜ. "ನೋಡಿದ್ರೆ ಕೈ ಓಡ್ತಿರಲಿಲ್ಲ."

ಅವನ ಮುಖದಲ್ಲಿ ನಗು ಇತ್ತು. ಅಜ್ಜಿಯ ಬಾಯವರೆಗೆ ಬಂದ ಮಾತು ಅಲ್ಲೇ ನಿಂತಿತು. "ಅಜ್ಜಿ, ಇದರಲ್ಲಿ ಅಪ್ಪ ಬರ್..." ಅಂತ ಪಟಾಕಿ ಶುರು ಮಾಡಿದಳು. ಅಜ್ಜಿ ಅವಳ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಆ ಹುಡುಗಿ ಹುಟ್ಟಿದ ಮೇಲೆ ಮೊದಲ ಸಲ ಮಾತನ್ನು ಅರ್ಧಕ್ಕೆ ನಿಲ್ಲಿಸಿದಳು.

"ಕಸ ನಾನು ತೆಗೀತೀನಿ," ಅಂದಳು ಅಜ್ಜಿ. ರಾಶಿಯನ್ನೆಲ್ಲ ಬಾಚಿ ತರಕಾರಿ ಚೀಲಕ್ಕೆ ತುಂಬಿದಳು.

ಸಂಜೆ ಸೊಸೆ ಬಂದು ಪುಸ್ತಕ ತೆರೆದಳು. ಒಂದು ಪುಟ ತಿರುವಿದಳು, ಇನ್ನೊಂದು ತಿರುವಿದಳು. ಕೆಲವು ಕಡೆ ಸಾಲಿನ ಮೊದಲಕ್ಷರ ಉಳಿದಿತ್ತು, ಬಹಳ ಕಡೆ ಅದೂ ಇರಲಿಲ್ಲ. ಅವಳು ಅತ್ತೆಯ ಮುಖ ನೋಡಿದಳು. ಅತ್ತೆ ಹೇಳಬೇಡ ಎಂಬಂತೆ ತಲೆ ಅಲ್ಲಾಡಿಸಿದಳು. ಅಜ್ಜ ಬಾಗಿಲಲ್ಲಿ ನಿಂತಿದ್ದ, ಪರೀಕ್ಷೆ ಬರೆದ ಹುಡುಗನ ಹಾಗೆ.

"ಮಾವ," ಅಂದಳು ಸೊಸೆ. "ಹೊಸದಕ್ಕಿಂತ ಚೆನ್ನಾಗಿ ಆಗಿದೆ."

"ನನ್ನ ಮೊಮ್ಮಗಳ ಮಕ್ಕಳೂ ಓದಬಹುದು, ಹಾಗೆ ಕಟ್ಟಿದೀನಿ," ಅಂದ ಅಜ್ಜ.

ಕಿರಿಯವನಿಗೂ ಸನ್ನೆಯಲ್ಲೇ ತಿಳಿಯಿತು. ಅವನು ಪುಸ್ತಕ ಕೈಗೆತ್ತಿಕೊಂಡು ತೂಗಿ ನೋಡಿ, "ಅಪ್ಪ, ಅಂಗಡಿ ರಸೀದಿ ಪುಸ್ತಕಾನೂ ಹೀಗೇ ಕಟ್ಟಿಕೊಡು, ಗಿರಾಕಿ ಹೆದರ್ಬೇಕು," ಅಂದ. ಅಜ್ಜ ನಕ್ಕ. ಆ ಮನೆಯಲ್ಲಿ ಅಷ್ಟು ದಿನದ ಮೇಲೆ ಅಜ್ಜ ನಗುವುದು ಕೇಳಿ, ಉಳಿದವರು ನಗಬೇಕೋ ಅಳಬೇಕೋ ತಿಳಿಯದೆ ತಟ್ಟೆ ನೋಡಿಕೊಂಡು ಉಂಡರು.

ಆಮೇಲಿನ ದಿನಗಳಲ್ಲಿ ಮಗನ ಅಕ್ಷರ ಎಲ್ಲೆಲ್ಲೋ ಸಿಕ್ಕಿತು. ಆಲೂಗಡ್ಡೆ ತೊಳೆಯುವಾಗ ಒಂದು ಎಳೆ ಸಿಪ್ಪೆಗೆ ಅಂಟಿಕೊಂಡಿತ್ತು. ಇನ್ನೊಂದು ಪಟಾಕಿಯ ಕಾಲುಚೀಲದಿಂದ ಉದುರಿತು. ಅಜ್ಜಿ ಒದ್ದೆಯಾದದ್ದನ್ನು ಕಿಟಕಿಯ ಸರಳಿಗೆ ಒಣಹಾಕಿ, ಒಣಗಿದ್ದನ್ನು ತಲೆದಿಂಬಿನ ಚೀಲದೊಳಗೆ ಸೇರಿಸುತ್ತಿದ್ದಳು. ಮಧ್ಯಾಹ್ನ ಮಲಗಿದರೆ ಕಿವಿಯ ಅಡಿಯಲ್ಲಿ ಸರಸರ ಅನ್ನುತ್ತಿತ್ತು. ಏನೋ ಹೇಳುತ್ತಿದೆ ಅನ್ನಿಸುತ್ತಿತ್ತು, ಕಿವಿಗೊಟ್ಟರೆ ಕಾಗದ.

ಸಂಜೆ ಅವಳು ಸೊಸೆಯನ್ನು ಏನೂ ಕೇಳಲಿಲ್ಲ. ಚಹಾ ಇಟ್ಟು ತನ್ನ ಪಾಡಿಗೆ ಬಟಾಣಿ ಸುಲಿದಳು. ಸೊಸೆ ತನ್ನ ಪಾಡಿಗೆ ಓದಿದಳು. ಪೆನ್ಸಿಲು ಹಲ್ಲಿಗೆ ಬಡಿಯುವ ಸದ್ದು ನಿಂತಿತ್ತು.

ಒಂದು ಸಂಜೆ ಸೊಸೆ ತಾನಾಗಿಯೇ ತಲೆಯೆತ್ತಿದಳು. "ಅತ್ತೆ, ಇಲ್ಲೊಂದಿದೆ. ಇಷ್ಟು ದಿನ ನಾನು ಈ ಪುಟ ದಾಟಿ ಹೋಗ್ತಿದ್ದೆ. ಅಂಚಲ್ಲಿ ಅವರು 'ಸುಳ್ಳು. ಇಷ್ಟೆಲ್ಲ ಮಾಡೋಕೆ ಹೊತ್ತು ಯಾರಿಗಿದೆ?' ಅಂತ ಬರೆದಿದ್ರು. ಸರಿ, ಬೇಡದ್ದು ಅಂತ ಬಿಟ್ಟುಬಿಟ್ಟಿದ್ದೆ. ಈಗ ಬರೀ ಪುಸ್ತಕ ಓದಿದೆ."

"ಏನಂತೆ?"

ಅಜ್ಜಿ ಇಂಗ್ಲಿಷಿನ ಭಾಗ ಕೇಳಿದ್ದು ಅದೇ ಮೊದಲು.

"ಬಿಟ್ಟು ಹೋದವರು ಮಾಡಿಟ್ಟದ್ದನ್ನ ತಿದ್ದೋಕೆ ಮುಂಚೆ, ಅದು ಈಗ ಏನೇನು ಮಾಡ್ತಿದೆಯೋ ಅದನ್ನೆಲ್ಲ ಕೂತು ನೋಡ್ಕೊ ಅಂತೆ. ಸರಿಯೋ ತಪ್ಪೋ ಆಮೇಲೆ. ಮೊದಲು ನೋಡು. ಆಮೇಲೆ ಒಂದೊಂದೇ ಚೂರು ತೆಗೆ, ತೆಗೆದಾಗಲೆಲ್ಲ ಉಳಿದದ್ದು ನಿಂತಿದೆಯಾ ಅಂತ ಮತ್ತೆ ನೋಡು."

ಅಜ್ಜಿ ಕಾಳು ಕೈಯಲ್ಲೇ ಹಿಡಿದು ಯೋಚಿಸಿದಳು. "ಅದರಲ್ಲಿ ಸುಳ್ಳೇನಿದೆ? ಸರಿಯಾಗೇ ಇದೆ."

"ಸರಿಯಾಗೇ ಇದೆ ಅತ್ತೆ. ಅವರಿಗೆ ಹೊತ್ತು ಇರಲಿಲ್ಲ, ಅಷ್ಟೆ."

ಅಜ್ಜಿ ಕೈಯಲ್ಲಿದ್ದ ಕಾಳನ್ನು ಬಟ್ಟಲಿಗೆ ಹಾಕಿದಳು.

ಸೊಸೆ ಅದನ್ನೇ ಹಿಡಿದು ಕೂತಳು. ಹಿರಿಯರ ಮುಂದೆ ನಿಂತ ದಿನ ಅವಳು ಹೇಳಿದ್ದು ಅಷ್ಟೇ: ನಾನು ಇನ್ನೂ ಏನನ್ನೂ ಮುಟ್ಟಿಲ್ಲ, ಇದು ಏನು ಮಾಡುತ್ತಿದೆ ಎಂದು ನೋಡಿದ್ದೇನೆ, ಇಗೋ. ಚಹಾ ಲೋಟದ ಮಾತಾಡಿ ಗೇಲಿ ಮಾಡಿದ್ದ ಹುಡುಗ ಮೊದಲು ನಕ್ಕನಂತೆ. ಅವಳು ತೋರಿಸುತ್ತಾ ಹೋದಂತೆ ಕುರ್ಚಿ ಹತ್ತಿರ ಎಳೆದುಕೊಂಡನಂತೆ. ಹಿರಿಯರು ಒಪ್ಪಿದರು. ಮನೆಗೆ ಬಂದು ಹೇಳುವಾಗ ಅವಳ ದನಿ ತುಸು ಒಡೆದಿತ್ತು, ಅವಸರದಲ್ಲಿತ್ತು, ಮಾತು ತಪ್ಪುತ್ತಿತ್ತು. ಅಪ್ಪಟ ಅವಳದೇ ದನಿ. ಅಜ್ಜಿ ಕೇಳಿ ಸಂತೋಷಪಟ್ಟಳು. ಆ ಸಂತೋಷದ ಒಳಗೇ ಒಂದು ಜಾಗ ಖಾಲಿ ಬಿತ್ತು.

ಊಟಕ್ಕೆ ಮುಂಚೆ ಎಲ್ಲರೂ ಮೇಜಿನ ಸುತ್ತ ಇದ್ದರು. ಅಜ್ಜ ಬಂದು, ಯಾರೂ ಕರೆಯದೆ, ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತ. ಪುಸ್ತಕದ ಬೆನ್ನನ್ನು ಒಮ್ಮೆ ಸವರಿದ.

"ಅಮ್ಮಾ," ಅಂದ ಸೊಸೆಗೆ. "ಅವನು ಇದರೊಳಗೆ ಏನೋ ಬರೆದಿದ್ದಾನಂತಲ್ಲ, ನೀನು ನಿಮ್ಮತ್ತೆಗೆ ಓದ್ತಿದ್ದೆ. ನಂಗೆ ಆವಾಗ ಕೇಳೋಕೆ ಆಗ್ತಿರಲಿಲ್ಲ. ಈಗ ಒಂದು ಓದು. ನಾನೂ ಕೇಳ್ತೀನಿ."

ಕಿರಿಯವನು ಲೋಟ ಕೆಳಗಿಟ್ಟ. ಸೊಸೆ ಪುಸ್ತಕ ತೆರೆದಳು. ಬೆರಳು ನಯವಾದ ಅಂಚಿಗೆ ಬಂದು ನಿಂತಿತು. ಅವಳ ಗಂಟಲು ಅಲ್ಲಾಡಿದ್ದನ್ನು ಅಜ್ಜಿ ನೋಡಿದಳು. ಇನ್ನೊಂದು ಕ್ಷಣ ಬಿಟ್ಟರೆ ಈ ಹುಡುಗಿ ಮತ್ತೆ ಅವನಾಗುತ್ತಾಳೆ, ಈ ಸಲ ಅಜ್ಜನಿಗೋಸ್ಕರ.

"ಅವಳಿಗೆ ಬಿಡಿ, ಅವಳದ್ದು ಓದೋದು ಬೇಕಾದಷ್ಟಿದೆ," ಅಂದಳು ಅಜ್ಜಿ. "ನಂಗೆ ಬಾಯಿಗೆ ಬರುತ್ತೆ. ನಾನು ಹೇಳ್ತೀನಿ."

ಅವಳು ಬಟಾಣಿ ಬಟ್ಟಲು ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡಳು.

"'ಈ ಕೆಲಸಾನ ಅಪ್ಪ ಅಂಟು ಕಲಸೋದು ನೋಡಿ ಕಲೀಬೇಕು. ಮೊದಲು ನೀರು, ಆಮೇಲೆ ಹಿಟ್ಟು, ಎಲ್ಲಾ ನಿಧಾನ. ಒಂದು ಗಂಟು ಬಿತ್ತೋ, ಆಮೇಲೆ ಎಷ್ಟು ತಿರುವಿದ್ರೂ ಹೋಗಲ್ಲ.'"

ಅಜ್ಜ ಅಲ್ಲಾಡದೆ ಕೂತಿದ್ದ. ಅವನ ಹೆಬ್ಬೆರಳ ಉಗುರಿನಲ್ಲಿ ಇನ್ನೂ ಒಣಗಿದ ಅಂಟಿತ್ತು. ಅದನ್ನು ಮೆಲ್ಲಗೆ ಕೆರೆದ.

"ಪುಸ್ತಕದಲ್ಲಿ ಹಾಗೆ ಬರೆದಿದ್ದಾನಾ?"

"ಹೂಂ."

"ಮೊದಲು ನೀರಲ್ಲ," ಅಂದ ಅಜ್ಜ. ಗೋಡೆಯ ಕಡೆ ನೋಡಿ, ಅಲ್ಲಿ ಯಾರೋ ನಿಂತಿದ್ದಾರೆ ಅನ್ನುವಂತೆ ಸ್ವಲ್ಪ ಜೋರಾಗಿ ಹೇಳಿದ. "ಮೊದಲು ಹಿಟ್ಟು. ಎಷ್ಟು ಸಲ ತೋರಿಸಿದೀನಿ ನಿಂಗೆ? ಮೊದಲು ಹಿಟ್ಟು ಕಣೋ!"

ಅಜ್ಜ ಕಣ್ಣು ಒರೆಸಿಕೊಂಡ.

"ಇನ್ನೊಂದು ಹೇಳು."

ಅಜ್ಜಿ ಒಂದು ಬಟಾಣಿ ಕಾಯಿ ಎತ್ತಿಕೊಂಡಳು. ಯಾವುದು ಹೇಳಲಿ ಅಂತ ಯೋಚಿಸಿದಳು. ಬಾಯಿ ತೆರೆಯುವ ಮೊದಲು, ಅವಳಿಗೆ ಗೊತ್ತಿಲ್ಲದೆಯೇ, ಅವಳ ಗಂಟಲಲ್ಲಿ 'ಹ್ಞೂಂ' ಎಂದು ಒಂದು ಸಣ್ಣ ಸದ್ದಾಯಿತು. ಮೇಜಿನ ಆ ತುದಿಯಲ್ಲಿ ಪಟಾಕಿ ತಟ್ಟನೆ ತಲೆಯೆತ್ತಿ ಬಾಗಿಲ ಕಡೆ ನೋಡಿದಳು.